ಹೊಸ್ತಿಲಾಚೆ ಬಿಟ್ಟ ಬೂಟು

ಹಿಂದೆ ನಾಯಿ ಇಲ್ಲದೆ, ಮುಂದೆ ಬಸ್ಸೂ ಇಲ್ಲದೆ ಮನುಷ್ಯ ಸುಮ್ಮಸುಮ್ಮನೆ ಓಡುತ್ತಾನೆಂದರೆ ನಲವತ್ತೆಂಟು ವರ್ಷ ನಾನು ನಂಬಿರಲಿಲ್ಲ. ಬೆಳಗಿನ ಜಾವ ಬಣ್ಣಬಣ್ಣದ ಚಡ್ಡಿ ತೊಟ್ಟು ಓಡುವವರನ್ನು ಕಂಪನಿ ಬಸ್ಸಿನ ಕಿಟಕಿಯಿಂದ ನೋಡಿ, ಪಾಪ, ಮನೆಯಲ್ಲಿ ಏನು ತಾಪತ್ರಯವೋ ಎಂದು ಮರುಗಿದವನು ನಾನು. ಅಂಥವನು ಇಪ್ಪತ್ತೊಂದು ಕಿಲೋಮೀಟರಿನ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟೆನೆಂದರೆ ಅದಕ್ಕೆ ಕಾರಣ ಆರೋಗ್ಯವಲ್ಲ, ಸಿಟ್ಟು. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಗಾಡಿಯ ಬಿಡಿಭಾಗಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿದು ಪಕ್ಕಕ್ಕೆ ಇಡುತ್ತೇನೆ. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಜೊತೆಗಾರ ಸಾವಂತ ನನ್ನ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ, "ಪಾಟೀಲ ಸಾಹೇಬ, ಹಾ ಪೀಸ್ ರಿಜೆಕ್ಟ್!" ಎಂದು ಮರಾಠಿಯಲ್ಲಿ ಕೂಗಿದ, ಈ ಪೀಸ್ ನಡೆಯುವುದಿಲ್ಲವೆಂದು. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ನಾನೂ ನಕ್ಕೆ. ಸಂಜೆ ಮನೆಗೆ ಬಂದವನೇ ಹೆಸರು ನೋಂದಾಯಿಸಿದೆ.

ಹೆಂಡತಿ ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಓಡ್ರಿ, ಯಾರು ಬ್ಯಾಡಂತಾರ. ವಿಮಾದ ಕಾಗದ ಎಲ್ಲಿಟ್ಟೀರಿ ಅಷ್ಟು ಹೇಳಿ ಓಡ್ರಿ" ಅಂದಳು. ಈ ಅವಮಾನವನ್ನೂ ನುಂಗಿಕೊಂಡು ನಾನು ಹಾಲಿನ ಗೋಡೆಗೆ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ, ಒಂದು ಮೊಳೆ ಹೊಡೆದೆ. ಮೂರು ಗಂಟೆಯೊಳಗೆ ಗುರಿ ಮುಟ್ಟಿದವರಿಗೆಲ್ಲ ಮೆಡಲ್ ಕೊಡುತ್ತಾರೆ, ಅದನ್ನು ಇದಕ್ಕೇ ತೂಗುಹಾಕುತ್ತೇನೆ ಎಂದು ಸಾರಿದೆ. ಅಲ್ಲಿಂದ ನಾಲ್ಕು ತಿಂಗಳು ದಿನಾ ನಸುಕಿನಲ್ಲಿ ಎದ್ದು ಓಡಿದೆ. ಓಡಿದೆ ಎನ್ನುವುದು ನನ್ನ ಮಾತು. ನಮ್ಮ ಕಟ್ಟಡದ ಕಾವಲುಗಾರ ಮಾತ್ರ, "ಸಾಹೇಬ, ಯಾರನ್ನಾದರೂ ಹುಡುಕುತ್ತಿದ್ದೀರಾ?" ಎಂದು ಎರಡು ಸಲ ಮರಾಠಿಯಲ್ಲಿ ಕೇಳಿದ.

ಇನ್ನು ಮಾಮಾನ ವಿಷಯಕ್ಕೆ ಬರಬೇಕು. ಗಿರಿಜಾಳ ಸೋದರಮಾವ ಬಸವಂತ ಮಾಮಾ ಇರುವುದು ವಾಕಡದಲ್ಲಿ. ತಂದೆಯಿಲ್ಲದ ಇವಳನ್ನು ಸಾಕಿ, ಓದಿಸಿ, ನನಗೆ ಧಾರೆಯೆರೆದು ಕೊಟ್ಟವರೇ ಅವರು. ಎಪ್ಪತ್ತು ದಾಟಿದ್ದಾರೆ. ಧೋತರ, ಬಿಳಿ ಅಂಗಿ, ಗಾಂಧಿ ಟೋಪಿ. ಮನಸ್ಸು ಬೆಣ್ಣೆ, ಮೂಗಿನ ತುದಿಯಲ್ಲಿ ಸಿಟ್ಟು. ಅವರ ಮನೆಯ ಮುಂದೆ ಹಾದು ಹೋಗುವವರು ಒಳಗೆ ಹೋಗಿ ಚಹಾ ಕುಡಿಯಲೇಬೇಕು. ಗಿರಿಜಾಳ ಅಣ್ಣ ಒಮ್ಮೆ ಅವಸರದಲ್ಲಿ ಹಾಗೇ ದಾಟಿ ಹೋದದ್ದಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದರು. ಓಟದ ದಾರಿಯ ನಕಾಶೆ ಬಂದಾಗ ನೋಡಿದರೆ, ಹದಿನಾಲ್ಕನೆಯ ಕಿಲೋಮೀಟರು ಸರಿಯಾಗಿ ಮಾಮಾನ ಗೇಟಿನ ಮುಂದೆ!

"ಅದು ಓಟ, ಗಿರಿಜಾ. ನಡುವ ಯಾರ ಮನಿಗೂ ಹೋಗಂಗಿಲ್ಲ" ಅಂದೆ.

"ಓಡಿಕೋತ ಹೋಗಿ ಓಡಿಕೋತ ಬರ್ರಿ. ಒಂದ್ ಕಪ್ ಚಹಾಕ್ಕ ಎಷ್ಟೊತ್ತ ಬೇಕು? ಮಾಮಾ ನನ್ನ ಜೋಡಿ ಮಾತು ಬಿಟ್ರ ನನಗ ತವರುಮನಿ ಅಂತ ಯಾವುದ ಉಳೀತದ ಹೇಳ್ರಿ" ಅಂದಳು. ದನಿ ತಗ್ಗಿತ್ತು. ಚಹಾಕ್ಕೆ ಹ್ಞೂಂ ಅಂದೆ. ಒಂದಕ್ಕೆ ಒಂದು ಉಚಿತವೆಂಬ ಮಾರಾಟದಲ್ಲಿ ಕೊಂಡಿದ್ದ ಎರಡು ಜೊತೆ ಬಿಳಿ ಬೂಟುಗಳಲ್ಲಿ ಅಳತೆ ಚಿಕ್ಕದಿದ್ದ ಜೊತೆಯನ್ನು ಮುಂಚಿತವಾಗಿಯೇ ಮಾಮಾನಿಗೆ ಕೊಟ್ಟು ಬಂದಿದ್ದೆ, ಸ್ನೇಹ ಗಟ್ಟಿಯಿರಲಿ ಎಂದು. ನನ್ನ ಈ ಜಾಣತನವನ್ನು ನೆನಪಿಟ್ಟುಕೊಳ್ಳಿ.

ಓಟದ ದಿನ ಬೂಟಿನ ದಾರಕ್ಕೆ ಕಟ್ಟಿಕೊಳ್ಳಲು ಒಂದು ಪುಟ್ಟ ಚಿಪ್ ಕೊಟ್ಟರು. ಗುರಿಯಲ್ಲಿ ಹಾಸಿದ ಚಾಪೆಯನ್ನು ಅದು ದಾಟಿದರೆ ಯಂತ್ರ ಕುಂಯ್ ಎಂದು ನಮ್ಮ ನಂಬರನ್ನೂ ವೇಳೆಯನ್ನೂ ಬರೆದುಕೊಳ್ಳುತ್ತದೆಯಂತೆ. ಮೊದಲಿನ ಹತ್ತು ಕಿಲೋಮೀಟರು ನಾನು ಚೆನ್ನಾಗಿಯೇ ಓಡಿದೆ. ಆಮೇಲೆ ಉಸಿರು ಒಂದು ಕಡೆ, ನಾನು ಒಂದು ಕಡೆ. ಅಂತೂ ವಾಕಡ ಬಂತು. ಮಾಮಾನ ಗೇಟಿನ ಮುಂದೆ ರಂಗೋಲಿ! ಅತ್ತೆಯವರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಮಾಮಾ ಎರಡೂ ಕೈ ಚಾಚಿ, "ಬರ್ರಿ ಅಳಿಯಂದ್ರ, ಬರ್ರಿ!" ಎಂದು ರಸ್ತೆಗೇ ಬಂದರು.

"ಮಾಮಾ, ಇಲ್ಲೇ ನಿಂತ ಕುಡೀತೀನ್ರಿ" ಎಂದು ನಿಂತಲ್ಲೇ ಕುಣಿಯುತ್ತ ಹೇಳಿದೆ.

"ಅಳಿಯಂದ್ರನ್ನ ಬೀದ್ಯಾಗ ನಿಲ್ಲಿಸಿ ಚಹಾ ಕೊಟ್ರ ಮಂದಿ ನನಗೇನಂತಾರ?"

ಒಳಗೆ ಹೋದೆ. ಬೂಟು ಬಾಗಿಲಲ್ಲೇ ಬಿಟ್ಟೆ. ಬೂಟುಗಾಲಲ್ಲಿ ಹಿರಿಯರ ಮನೆ ಹೊಗಲು ನಾನೇನು ಜಪ್ತಿಗೆ ಬಂದ ಪೊಲೀಸನೇ? ಚಹಾ ಒಂದೇ ಬರುತ್ತದೆಯೆ? ಮೊದಲು ಉಪ್ಪಿಟ್ಟು, ಅದರ ಹಿಂದೆ ತುಪ್ಪ ಸುರಿದ ಶೇಂಗಾ ಹೋಳಿಗೆ. "ಓಡಾವ್ರು ತಿನ್ನಬೇಕ್ರಿ" ಎಂದು ಅತ್ತೆ ಇನ್ನೊಂದು ಬಡಿಸಿದರು. ಮಾಮಾ ನನ್ನ ಹೆಗಲಿಗೆ ಟವೆಲ್ಲು ಹೊದಿಸಿ, ತಲೆಗೆ ಹೊಸ ಟೋಪಿ ಇಟ್ಟು, ತೆಂಗಿನಕಾಯಿ ಕೈಗೆ ಕೊಟ್ಟರು. ತೆಂಗಿನಕಾಯಿ ಮಾತ್ರ ಹೇಗೋ ಕಾಲು ಹಿಡಿದು ಬೇಡಿ ಅಲ್ಲೇ ಬಿಟ್ಟು, ಕಾಲಿಗೆ ಸಿಕ್ಕ ಬೂಟು ಮೆಟ್ಟಿಕೊಂಡು ಬೀದಿಗೆ ಬಿದ್ದೆ.

ಹೊರಟ ಸ್ವಲ್ಪ ಹೊತ್ತಿಗೇ ಕಾಲು ಹಿಂಡತೊಡಗಿತು. ದೂರ ಓಡಿದರೆ ಪಾದ ಊದಿ ಬಾಯುತ್ತದೆ ಎಂದು ತಿಳಿದವರು ಹೇಳಿದ್ದರು. ನನಗೂ ಪಾದ ಬಾಯುವಷ್ಟು ಓಟ ಬಂತಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಬಗ್ಗಿ ನೋಡಲಿಲ್ಲ. ನೋಡಿದ್ದರೂ ಹೋಳಿಗೆ ತುಂಬಿದ ಹೊಟ್ಟೆ ಅಡ್ಡ ಬರುತ್ತಿತ್ತು. ಟೋಪಿ, ಟವೆಲ್ಲಿನ ಸಮೇತ, ಕುಂಟುತ್ತ, ತೇಗುತ್ತ, ಅಂತೂ ಗಡುವಿಗೆ ಇನ್ನೂ ಚೂರು ಹೊತ್ತಿರುವಾಗಲೇ ಗುರಿ ಮುಟ್ಟಿದೆ. ಕಣ್ಣಲ್ಲಿ ನೀರು ಬಂತು. ಯಂತ್ರ ಮಾತ್ರ ಕುಂಯ್ ಅನ್ನಲಿಲ್ಲ.

ಮೇಜಿನ ಹಿಂದಿದ್ದ ಹುಡುಗಿ ನನ್ನ ಎದೆಯ ನಂಬರನ್ನು ಕಂಪ್ಯೂಟರಿನಲ್ಲಿ ನೋಡಿ ಹುಬ್ಬೇರಿಸಿದಳು. "ಕಾಕಾ, ಹಾ ನಂಬರ್ ಆಧೀಚ್ ಆಲಾ!" ಈ ನಂಬರಿನವರು ಆಗಲೇ ಬಂದು ಮೆಡಲ್ ಒಯ್ದಾಗಿದೆಯಂತೆ. ನಾನೇ ಇಲ್ಲಿರುವಾಗ ನನಗಿಂತ ಮೊದಲು ಬಂದ ನಾನು ಯಾರು? ತಲೆ ಕೆಟ್ಟು ಅತ್ತಿತ್ತ ನೋಡಿದೆ. ಗುರಿಯಲ್ಲಿ ಕಾಯುತ್ತೇನೆಂದಿದ್ದ ಗಿರಿಜಾ ಗಿಡದ ನೆರಳಲ್ಲಿ ನಿಂತಿದ್ದಳು. ಪಕ್ಕದಲ್ಲಿ ಮಾಮಾ. ಅವರ ಕೊರಳಲ್ಲಿ ಮೆಡಲ್. ಕಾಲಲ್ಲಿ ನನ್ನ ಬೂಟು.

"ನೀವು ನನ್ನ ಬೂಟ ಮೆಟ್ಕೊಂಡು ಬಂದ್ರಿ, ಅಳಿಯಂದ್ರ. ನಿಮ್ದು ಕೊಟ್ಟ ಬರೋಣಂತ ಸ್ಕೂಟರ್ ತಗೊಂಡು ಅಡ್ಡದಾರಿ ಹಿಡ್ದು ಬಂದೆ" ಅಂದರು ಮಾಮಾ.

"ಕೈಯಾಗ ಹಿಡ್ಕೊಂಡ ಬರಬೇಕಿತ್ತಲ್ರಿ ಮಾಮಾ?"

"ಅಳಿಯನ ಬೂಟ ಕೈಯಾಗ ಹಿಡ್ಕೊಂಡ ಮಾವ ಮಂದ್ಯಾಗ ತಿರಗಾಡಿದ್ರ ಚಲೋ ಕಾಣ್ತದೇನ್ರಿ? ಅದಕ್ಕ ಮೆಟ್ಕೊಂಡೆ." ಸ್ಕೂಟರನ್ನು ಹೊರಗೆ ನಿಲ್ಲಿಸಿ, ಹಗ್ಗದ ಸಂದಿಯಿಂದ ತೂರಿ, ನನ್ನನ್ನು ಹುಡುಕುತ್ತ ಅವರು ಓಟದ ದಾರಿಗೆ ಇಳಿದಿದ್ದಾರೆ. ಧೋತರ ಉಟ್ಟ ಅಜ್ಜ, ಕಾಲಲ್ಲಿ ಓಟದ ಬೂಟು! ಎರಡೂ ಕಡೆಯ ಜನ "ಶಾಬ್ಬಾಸ್ ಆಜೋಬಾ!" ಎಂದು ಹುಚ್ಚೆದ್ದು ಕೂಗಿದ್ದಾರೆ. "ಮಂದಿ ಅಷ್ಟು ಚಪ್ಪಾಳಿ ಹೊಡಿಲಿಕ್ಕತ್ತಾಗ ನಡಕೋತ ಹೋದ್ರ ಅವರಿಗೆ ಬ್ಯಾಸರ ಆಗೂದಿಲ್ಲೇನು? ಅದಕ್ಕ ನಾಕ್ ಹೆಜ್ಜಿ ಓಡಿದೆ" ಅಂದರು. ಎದೆಯ ಮೇಲೆ ನಂಬರಿದೆಯೇ ಎಂದು ಆ ಗದ್ದಲದಲ್ಲಿ ಯಾರು ನೋಡುತ್ತಾರೆ? ಯಂತ್ರ ಕುಂಯ್ ಎಂದಿದೆ, ಯಾರೋ ಕೊರಳಿಗೆ ಮೆಡಲ್ ಹಾಕಿದ್ದಾರೆ.

"ನಿಮ್ದ ಇದು, ತಗೋರಿ" ಎಂದು ಮಾಮಾ ಮೆಡಲ್ ಹಿಡಿದರು. ಕೊಡುವ ಕೈ ಪಟ್ಟಿಯನ್ನು ಗಟ್ಟಿಯಾಗಿಯೇ ಹಿಡಿದಿತ್ತು. ಅವರ ಹಿಂದಿನಿಂದ ಗಿರಿಜಾ ನನ್ನತ್ತ ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಹಾಗೆ ಬೇಡಿಕೊಂಡಂತೆ ನೋಡಿದ್ದು ಅದೇ ಮೊದಲು. ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. "ಇರಲಿ ಮಾಮಾ, ನಿಮಗ ಭಾಳ ಒಪ್ಪೇದ" ಅಂದೆ. ಮಾತು ಮುಗಿಯುವುದರೊಳಗೆ ಅದು ಮತ್ತೆ ಅವರ ಕೊರಳಲ್ಲಿತ್ತು.

ಮರುದಿನ ಮೊಬೈಲಿನಲ್ಲಿ ಫಲಿತಾಂಶ ನೋಡಿದ ಸಾವಂತ ನನ್ನ ಕೈ ಕುಲುಕಿ, "ಪೀಸ್ ಪಾಸ್!" ಎಂದು ಒಪ್ಪಿಕೊಂಡ. ಆ ವೇಳೆಯಲ್ಲಿ ಕೊನೆಯ ಪಾಲು ಸ್ಕೂಟರಿನದೆಂದು ನಾನು ಹೇಳಲಿಲ್ಲ. ಹಾಲಿನ ಮೊಳೆಗೆ ಗಿರಿಜಾ ಮಾಮಾ ಕೊಟ್ಟ ಟವೆಲ್ಲನ್ನೇ ತೂಗುಹಾಕಿದ್ದಾಳೆ. ಮುಖ ಒರೆಸಲು ಅನುಕೂಲವಾಗಿದೆ.

ಮೆಡಲ್ ವಾಕಡದ ಮನೆಯಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿದೆ. ಕಳೆದ ವಾರ ಹೋದಾಗ ಊರಿಂದ ಬಂದ ಬೀಗರಿಗೆ ಮಾಮಾ ಅದನ್ನು ಇಳಿಸಿ ತೋರಿಸುತ್ತಿದ್ದರು. ನನ್ನನ್ನು ಕಂಡವರೇ ಪ್ರೀತಿಯಿಂದ ಹೆಗಲ ಮೇಲೆ ಕೈಹಾಕಿ, "ನಮ್ಮ ಅಳಿಯಂದ್ರೂ ಅವತ್ತ ಓಡಿದ್ರು. ಪಾಪ, ನನ್ನ ಹಿಂದ ಬಂದ್ರು" ಎಂದರು. ತಪಾಸಣೆ ಮಾಡಿ ನೋಡಿದೆ, ಆ ಮಾತಿನಲ್ಲಿ ಕೂದಲೆಳೆಯಷ್ಟೂ ಸುಳ್ಳಿರಲಿಲ್ಲ. "ಹೌದ್ರಿ" ಎಂದು ಎರಡನೆಯ ಹೋಳಿಗೆಗೆ ಕೈಹಾಕಿದೆ.