ತನಗೆ ತಾನೇ ಗಿರಾಕಿಯಾದ ನಮ್ಮ ಅತ್ತಿಗೆ

ನಮ್ಮ ಅತ್ತಿಗೆ ಜಗಳವಾಡದೆ ಬಿಟ್ಟ ಮನುಷ್ಯರು ಮಧುರೆ ಸೀಮೆಯ ಕಂಬಂ ಕಣಿವೆಯಲ್ಲಿ ಯಾರೂ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ ಬಿಡಿ. ಆದರೆ ಆಕೆ ಎಲ್ಲರಿಗಿಂತ ಹೆಚ್ಚು ಜಗಳವಾಡಿದ್ದು ಯಾರ ಜೊತೆ ಗೊತ್ತೇ? ತನ್ನ ಜೊತೆಗೇ! ಅದೂ ಮನಸ್ಸಿನೊಳಗೆ ಅಲ್ಲ, ನಮ್ಮ ಮನೆಯ ಜಗಲಿಯ ಮೇಲೆ, ಬೀದಿಗೆಲ್ಲ ಕೇಳುವ ಹಾಗೆ.

ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದುಕೊಡುವುದು ಅತ್ತಿಗೆಯ ಕಸುಬು. ಆಗ ಬೆಟ್ಟದ ಮೇಲೆ ಬಿಳಿ ದೊರೆಗಳು ಅಣೆಕಟ್ಟು ಕಟ್ಟಿಸುತ್ತಿದ್ದರು. ಪಡುವಣಕ್ಕೆ ಹರಿಯುವ ನದಿಯನ್ನು ತಿರುಗಿಸಿ ನಮ್ಮ ಗದ್ದೆಗಳಿಗೆ ಬಿಡುತ್ತಾರಂತೆ ಎಂದು ಊರೂರಲ್ಲೂ ಅದೇ ಮಾತು. ನಮ್ಮಣ್ಣ ಗಾಡಿಯಲ್ಲಿ ಸುಣ್ಣ ಹೇರಿಕೊಂಡು ಮೇಲೆ ಹೋಗಿಬರುತ್ತಿದ್ದ. ಬಂದವನು ಸುಮ್ಮನಿರಬಾರದೇ? ಅಲ್ಲಿಯ ಚಳಿಯನ್ನು ಎಷ್ಟು ಚೆನ್ನಾಗಿ ಬಣ್ಣಿಸಿದನೆಂದರೆ, ಕೆಲಸಕ್ಕೆ ಹೊರಟ ಗಂಡಸರ ಮನೆಯವರೆಲ್ಲ ಹಳೆಯ ಸೀರೆಗಳ ಗಂಟು ಹೊತ್ತುಕೊಂಡು ನಮ್ಮ ಜಗಲಿಗೆ ಬಂದರು. ಗಂಟುಗಳು ಸಾಲಾಗಿ ಕೂತವು. ಮೊದಲು ಬಂದವರಿಗೆ ಮೊದಲು. ಇದು ಅತ್ತಿಗೆಯ ಕಟ್ಟುನಿಟ್ಟು.

ಆ ಸಾಲಿನಲ್ಲಿ ಅತ್ತಿಗೆಯ ಸ್ವಂತ ಗಂಟೂ ಒಂದಿತ್ತು. ಅದರೊಳಗೆ ತೀರಿಹೋದ ಅವಳ ತಾಯಿಯ ಸೀರೆ. ಮದುವೆಯಾಗಿ ಬಹಳ ವರ್ಷ ಬರಿದೇ ಕಳೆದ ಮೇಲೆ ಅತ್ತಿಗೆ ಬಸುರಿಯಾಗಿದ್ದಳು. ನಮ್ಮ ಮನೆಗಳಲ್ಲಿ ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ತಾಯಿಯ ತಾಯಿ ಉಟ್ಟ ಸೀರೆಯ ಕೌದಿಯ ಮೇಲೆ. ಅಜ್ಜಿ ಇದ್ದರೆ ಅಜ್ಜಿಯೇ ಹೊಲಿದು ತರುತ್ತಾಳೆ. ಇಲ್ಲಿ ಅಜ್ಜಿ ಇಲ್ಲವಲ್ಲ, ಮಗಳೇ ಹೊಲಿಯಬೇಕು. ಹೆರಿಗೆಯೊಳಗೆ ಅದೊಂದು ಮುಗಿದರೆ ಸಾಕು ಎಂದು ಮನೆಯವರೆಲ್ಲ ಕಾದಿದ್ದೆವು.

ಮುಗಿಯುವುದಿರಲಿ, ಗಂಟು ಬಿಚ್ಚಿದರಲ್ಲವೇ! ಕೊಂಬೈ ಊರಿನ ಒಬ್ಬಳು ಬಂದು ಗಂಡ ನಾಡಿದ್ದೇ ಬೆಟ್ಟ ಹತ್ತುತ್ತಾನೆ ಎಂದು ಕಣ್ಣೀರು ಹಾಕಿದರೆ ಅತ್ತಿಗೆಯ ಗಂಟು ಹಿಂದಕ್ಕೆ. ಹನುಮಂತನಪಟ್ಟಿಯ ಮುದುಕಿ ಮಂಡಿನೋವು ತೋರಿಸಿದರೆ ಇನ್ನೂ ಹಿಂದಕ್ಕೆ. ಕಟ್ಟುನಿಟ್ಟೆಲ್ಲ ಇದ್ದದ್ದು ತನ್ನ ಗಂಟಿಗೆ ಮಾತ್ರ.

ಅನ್ಯಾಯ ಎಂದು ಆಕೆಗೂ ಗೊತ್ತಿತ್ತು. ಅದಕ್ಕೇ ದಿನಾ ಬೆಳಿಗ್ಗೆ ಬೀದಿಗಿಳಿದು, ಸೆರಗು ಹೊದ್ದು, ಗಿರಾಕಿಯಾಗಿ ತಿರುಗಿ ಬರುತ್ತಿದ್ದಳು.

"ಯಾರಮ್ಮಾ ಒಳ್ಗೆ? ನನ್ ಕೌದಿ ಏನಾಯ್ತು?"

ತಕ್ಷಣ ಜಗಲಿ ಹತ್ತಿ ಸೂಜಿ ಹಿಡಿದು ತಾನೇ ಉತ್ತರ ಕೊಡುವಳು: "ಮುಂದಿನ್ ವಾರ ಬಾ ತಾಯಿ. ಕೊಂಬೈಯೋರ್ದು ಅವಸರಂ."

ಮತ್ತೆ ಕೆಳಗೆ. "ಬಸ್ರಿ ಹೆಂಗ್ಸನ್ನ ಇಷ್ಟ್ ನಡೆಸ್ತೀಯಲ್ಲ, ಅಯ್ಯೋ ಪಾವಂ ಅನ್ಸಲ್ವಾ ನಿಂಗೆ?"

ಮತ್ತೆ ಮೇಲೆ. "ಎಲ್ಲಾರ್ಗೂ ಪಾವಂ ಅಂತ ಕೂತ್ರೆ ಕಸುಬು ನಡ್ಯುತ್ತಾ?"

ಒಂದು ದಿನ ನಾನು ಎತ್ತಿನ ಹಗ್ಗ ಹಿಡಿದುಕೊಂಡೇ ನಡುವೆ ಬಾಯಿ ಹಾಕಿದೆ. "ಅತ್ಗೇ, ಒಳ್ಳೇ ಗಿರಾಕಿ, ಮಾಡ್ಕೊಟ್ಬಿಡು!"

"ನೀನ್ ಯಾರ್ ಕಡೆ ತಂಬಿ?" ಎಂದು ಹೊಲಿಯುವವಳೂ ಬೈದಳು, ಗಿರಾಕಿಯೂ ಬೈದಳು. ಮಧ್ಯಸ್ಥಿಕೆಗೆ ಹೋದವನ ಪಾಡು ಯಾವಾಗಲೂ ಇಷ್ಟೇ ತಾನೆ?

ಇನ್ನೊಂದು ದಿನ ಮಧ್ಯಾಹ್ನ ಒಲೆ ಹೊತ್ತಿಯೇ ಇರಲಿಲ್ಲ. ಯಾಕೆಂದು ಕೇಳಿದರೆ, "ಗಿರಾಕಿಗೆ ಕೋವಂ ಬಂದೈತೆ, ಮುನಿಸ್ಕೊಂಡವ್ಳೆ. ಅವ್ಳು ಅಡ್ಗೆ ಮಾಡಲ್ಲ."

"ಹೊಲಿಯೋಳಾದ್ರೂ ಮಾಡ್ಬಹುದಲ್ಲ?"

"ಅವ್ಳಿಗೆ ಕೈ ತುಂಬ ಕೆಲ್ಸ!"

ಅಣ್ಣ ಹಿಂದಿನ ದಿನದ ಸಜ್ಜೆ ಗಂಜಿಗೆ ಮಜ್ಜಿಗೆ ಸುರಿದುಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದ: "ಇಬ್ರು ಹೆಂಡ್ರು ಕಟ್ಕೊಂಡೋನ್ಗೂ ಒಬ್ಳಾದ್ರೂ ಅನ್ನ ಹಾಕ್ತಾಳೆ ತಂಬಿ. ನಂಗಿರೋದು ಒಬ್ಳೇ, ಇಬ್ರೂ ಹಾಕಲ್ಲ!"

ಅತ್ತಿಗೆಯ ಕಸುಬಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಸೀರೆಗೆ ಮೊದಲ ಕೈ ಆಕೆ ಹಾಕುತ್ತಿರಲಿಲ್ಲ. ತಂದವರೇ ಒಂದು ಪಟ್ಟಿ ಹರಿದು ಕೊಡಬೇಕು. ನಾಳೆ ಯಾರೂ ಬಂದು ನಮ್ಮವ್ವನ ಸೀರೆ ಹಾಳುಮಾಡಿದೆ ಎನ್ನಬಾರದಲ್ಲ? ಎಂಥ ಗಟ್ಟಿಗಿತ್ತಿಯೂ ಆ ಹೊತ್ತಿಗೆ ಒಂದು ಸಲ ಮೂಗು ಒರೆಸಿಕೊಳ್ಳುತ್ತಿದ್ದಳು. ಅತ್ತಿಗೆಗೆ ಅದೆಲ್ಲ ಮಾಮೂಲು. "ಅಳು ತಾಯಿ, ಚೆನ್ನಾಗ್ ಅಳು. ಆದ್ರೆ ನೆಟ್ಟಗ್ ಹರಿ!"

ದಿನ ತುಂಬುತ್ತ ಬಂತು. ನನಗೋ ಗಿರಾಕಿಗಳ ಮೇಲೆ ಕೆಟ್ಟ ಸಿಟ್ಟು. ಈ ಹೆಂಗಸರಿಗೆ ಬುದ್ಧಿ ಬೇಡವೇ? ನದಿಯನ್ನು ತಿರುಗಿಸುವವರೇನೋ ಬೆಟ್ಟದ ಮೇಲಿದ್ದಾರೆ, ನಮ್ಮ ಅತ್ತಿಗೆಯನ್ನು ತಿರುಗಿಸುವವರು ಯಾರು?

ಅಷ್ಟರಲ್ಲಿ ಕೊಯ್ಲು ಬಂತು. ಕಣಿವೆಯ ಹೆಂಗಸರೆಲ್ಲ ಗದ್ದೆಗಿಳಿದರು. ಹೊಲಿದ ಕೌದಿಗಳು ಒಂದೊಂದಾಗಿ ಹೋದವು, ಹೊಸ ಗಂಟು ಬರಲಿಲ್ಲ. ಜಗಲಿಯ ಮೇಲೆ ಉಳಿದದ್ದು ಒಂದೇ ಗಂಟು. ಇನ್ನೇನು, ಅತ್ತಿಗೆಯ ಸರದಿ ಬಂತಲ್ಲ ಎಂದು ನಾನು ಖುಷಿಯಾಗಿ ನೋಡುತ್ತ ಕೂತೆ.

ಅತ್ತಿಗೆ ಜಗಲಿ ಗುಡಿಸಿದಳು. ಗುಡಿಸಿದ್ದನ್ನೇ ಇನ್ನೊಮ್ಮೆ ಗುಡಿಸಿದಳು. ಸೂಜಿಗಳನ್ನೆಲ್ಲ ಒರೆಸಿಟ್ಟಳು. ಬೀದಿಯ ತುದಿಯವರೆಗೆ ಕಣ್ಣು ಹಾಯಿಸಿದಳು, ಯಾರಾದರೂ ಬರುತ್ತಾರೋ ಎಂದು. ಕೊನೆಗೆ ನನ್ನತ್ತ ತಿರುಗಿದಳು.

"ತಂಬಿ, ನಿನ್ ಪಂಚೆ ಹರ್ದಿಲ್ವಾ?"

"ಹೊಸದು ಅತ್ಗೇ!"

"ಹರ್ಯೋ ಹಂಗೈತೆ. ಕೊಡು, ಕೌದಿ ಮಾಡ್ಕೊಡ್ತೀನಿ."

ನಾನು ಪಂಚೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಬೇರೆ ದಾರಿ ಕಾಣದೆ ಆಕೆ ತನ್ನ ಗಂಟು ಬಿಚ್ಚಿದಳು. ಕೆಂಪು ನೆಲಕ್ಕೆ ಬಿಳಿ ಚುಕ್ಕಿಯ ಮಧುರೆಯ ಸುಂಗುಡಿ ಸೀರೆ. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಅಂಚಿಗೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

"ಹರಿ ಅತ್ಗೇ."

"ಮಡಚಿಟ್ಟಿದ್ರೆ, ಅವ್ವ ಯಾವ್ದೋ ಊರ್ಗೆ ಹೋಗವ್ಳೆ, ಬಂದು ಉಟ್ಕೊಂತಾಳೆ ಅನ್ಸುತ್ತೆ ತಂಬಿ. ಹರಿದ್ರೆ, ಬರಲ್ಲ ಅಂತ ಆಗೋಗುತ್ತೆ."

ಇಷ್ಟು ದಿನ ಗಿರಾಕಿಗಳು ಆಕೆಯನ್ನು ಬಿಡಲಿಲ್ಲ ಎಂದುಕೊಂಡಿದ್ದೆನಲ್ಲ! ಆಕೆಯೇ ಅವರನ್ನು ಕರೆಕರೆದು ತನ್ನ ಮುಂದೆ ನಿಲ್ಲಿಸಿಕೊಂಡಿದ್ದಳು. ಜಗಳಗಂಟಿ ಎಂದು ಊರೆಲ್ಲ ನಗುತ್ತಿದ್ದ ಆ ಹೆಂಗಸಿನ ಮೇಲೆ ನನಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಸೀರೆಯ ತುದಿ ನೆಲಕ್ಕೆ ತಾಗದ ಹಾಗೆ ಎತ್ತಿ ಹಿಡಿದುಕೊಂಡೆ.

ಅಷ್ಟರಲ್ಲಿ ಅತ್ತಿಗೆ ಬೆಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಅಳು ಬರುವಂತಿದ್ದ ಮುಖದಲ್ಲಿ ನಗು ಬಂತು.

"ಒದೀತು ತಂಬಿ! ಈ ಗಿರಾಕಿ ಮುಂದಿನ್ ವಾರ ಬಾ ಅಂದ್ರೆ ಕೇಳೋದಲ್ಲ." ತಲೆ ಬಗ್ಗಿಸಿ ಹೊಟ್ಟೆಗೆ ಹೇಳಿದಳು, "ಸರಿ ಸಾಮಿ, ನಿಂದೇ ಮೊದ್ಲು." ಆಮೇಲೆ ನನಗೆ, "ಗಟ್ಟಿಯಾಗ್ ಹಿಡ್ಕೋ."

ಪರ್ರನೆ ಹರಿದಳು. ಕಣ್ಣೀರು ಧಾರಾಳವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹರಿದ ಪಟ್ಟಿಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು.

"ಅವ್ವ ಉಟ್ಟು ಉಟ್ಟು ಎಷ್ಟ್ ಮೆತ್ತಗ್ ಮಾಡವ್ಳೆ ತಂಬಿ," ಅಂದಳು. "ಮಗೀಗೆ ಒಂಚೂರೂ ಒತ್ತಲ್ಲ."