ಮುಂದಿನ ಬಿಸಿಲು, ಹಿಂದಿನ ನೆರಳು

ಜೇವರ್ಗಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಅಣ್ಣಾರಾಯ ಮಾಸ್ತರರ ನೆತ್ತಿಗೂ ಅವರ ಮನೆಯ ತಲೆಬಾಗಿಲಿಗೂ ಹಳೆಯ ವೈರ. ದೃಷ್ಟಿಯಾಗಬಾರದೆಂದು ಹೆಂಡತಿ ಶಿವಕಾಂತಾ ಬಾಗಿಲ ಚೌಕಟ್ಟಿಗೆ ಒಂದು ಲೋಳಸರದ ಗಿಡವನ್ನು ಬೇರು ಮೇಲೆ, ತಲೆ ಕೆಳಗೆ ಮಾಡಿ ಕಟ್ಟಿದ್ದಳು. ಮಾಸ್ತರರು ಉದ್ದನೆಯ ಆಳು. ಶಾಲೆಗೆ ಹೊರಟಾಗ ಒಮ್ಮೆ, ಬಂದಾಗ ಒಮ್ಮೆ ಅದರ ಮುಳ್ಳಂಚು ಅವರ ನೆತ್ತಿಯನ್ನು ಕೆರೆಯುತ್ತಿತ್ತು. (ನೆತ್ತಿಯ ಮೇಲೆ ಕೂದಲು ಉಳಿದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.)

"ಇದನ್ನ ತಗದು ಒಗಿ ಬೇ. ದೃಷ್ಟಿ ಆಗೂವಂಥಾದ್ದು ನಮ್ಮ ಮನ್ಯಾಗ ಏನದ?"

"ಯಾಕ್ರಿ, ನೀವು ಇಲ್ಲೇನು?" ಎಂದಳು ಶಿವಕಾಂತಾ, ಅಕ್ಕಿ ಹಸನು ಮಾಡುವ ಮೊರದಿಂದ ತಲೆ ಎತ್ತದೆ.

ಹೊಗಳಿದಳೋ, ಹೀಗಳೆದಳೋ ಎಂದು ಮಾಸ್ತರರು ದಾರಿಯುದ್ದಕ್ಕೂ ಯೋಚಿಸಿದರು. ಶಾಲೆ ಮುಟ್ಟುವಷ್ಟರಲ್ಲಿ ಆ ಯೋಚನೆಗೆ ಟೊಂಗೆ ಒಡೆದು ಮಹಾಸಂಕಲ್ಪವೊಂದು ಚಿಗುರಿತ್ತು. ದೃಷ್ಟಿಯಾಗುವಂಥದ್ದು ಮನೆಯಲ್ಲಿ ಇಲ್ಲವೆಂದರೆ, ಇರುವಂತೆ ಮಾಡಬೇಕು. ತೋಟ ಮಾಡಬೇಕು! ಅದೂ ಹಬ್ಬಕ್ಕೆ ಅರಳಿ ಜಾತ್ರೆಗೆ ಒಣಗುವ ಹೂವಿನದಲ್ಲ. ಒಮ್ಮೆ ನೆಟ್ಟರೆ ವರ್ಷಾನುವರ್ಷ ಬಾಳುವ, ಜೇವರ್ಗಿಯ ಬಿಸಿಲಿಗೆ ಎದೆಯೊಡ್ಡುವ ಚಿರಂಜೀವಿಗಳ ತೋಟ.

ಸಂಜೆ ಚಹಾದ ಜೊತೆ ಯೋಜನೆ ಮಂಡನೆಯಾಯಿತು. ಮುಂದಿನ ಅಂಗಳಕ್ಕೆ ದಿನವಿಡೀ ಬಿಸಿಲು. ಹಿತ್ತಲಲ್ಲಿ ಬೇವಿನ ಮರದ ದಟ್ಟ ನೆರಳು. ಮುಂದೆ ಬಿಸಿಲಿನ ಗಿಡ, ಹಿಂದೆ ನೆರಳಿನ ಗಿಡ.

"ಅಂಗಳದ ಬಿಸಲು ಖಾಲಿ ಇಲ್ರಿ," ಎಂದಳು ಶಿವಕಾಂತಾ. "ಅಲ್ಲಿ ನನ್ನ ಸಂಡಿಗಿ, ಹಪ್ಪಳ, ಮೆಣಸಿನಕಾಯಿ ಒಣಗಬೇಕು."

"ಹಿತ್ತಲದ ನೆರಳು?"

"ಅದೂ ಖಾಲಿ ಇಲ್ಲ. ಅಲ್ಲಿ ನಾ ಭಾಂಡಿ ತಿಕ್ಕಾಕಿ."

"ಅಂದ್ರ ಸೂರ್ಯನ ಬಿಸಲೂ ನಿಂದು, ಮರದ ನೆರಳೂ ನಿಂದು! ನನಗೇನು ಉಳೀತು?"

"ಬಾಗಲದ ಲೋಳಸರ ಅದ ಅಲ್ರಿ."

ವಾದ ಮೂರು ಚಹಾ ಕುಡಿಯಿತು. ಕಡೆಗೆ ಮಗಳು ಮಹಾನಂದಾ ನಡುವೆ ಬಿದ್ದು ರಾಜಿ ಮಾಡಿಸಿದಳು. ಬರುವ ಬೇಸಿಗೆಯವರೆಗೆ ಜಾಗ ಅಪ್ಪನದು. ಬೇಸಿಗೆ ದಾಟಿ ಗಿಡಗಳು ಬದುಕಿದರೆ ಶಾಶ್ವತವಾಗಿ ಅಪ್ಪನದು. ಸತ್ತರೆ ಅಂಗಳ, ಹಿತ್ತಲು ಎರಡೂ ಅವ್ವನಿಗೆ ವಾಪಸು. ಆಮೇಲೆ ಅಪ್ಪ 'ತೋಟ' ಎಂಬ ಶಬ್ದ ಉಚ್ಚರಿಸಬಾರದು.

ಮಾಸ್ತರರು ಮಾಡುವುದನ್ನೆಲ್ಲ ಶಾಸ್ತ್ರೋಕ್ತವಾಗಿ ಮಾಡುವವರು. ರವಿವಾರವಿಡೀ ಶಾಲೆಯ ಸೀಮೆಸುಣ್ಣ ಹಿಡಿದು ಗೋಡೆಯ ನೆರಳಿನ ಬೆನ್ನು ಹತ್ತಿದರು. ಉತ್ತರಾಯಣದಲ್ಲಿ ನೆರಳು ಎಲ್ಲಿ ಬಿದ್ದೀತು, ದಕ್ಷಿಣಾಯನದಲ್ಲಿ ಎಲ್ಲಿಗೆ ಸರಿದೀತು ಎಂದು ಗೆರೆ ಎಳೆದರು. ಆಚೆ ಮನೆಯ ಹುಸೇನಬೀ ಗೋಡೆಯ ಮೇಲಿಂದ ಇಣುಕಿ, "ಮಾಸ್ತರ್ರು ಕುಂಟಾಬಿಲ್ಲಿ ಆಡಾಕತ್ತಾರೇನ?" ಎಂದು ಕೇಳಿದಳು. "ಇನ್ನೂ ಆಟ ಶುರು ಆಗಿಲ್ಲವ್ವ, ಬರೇ ಗೀಟು ಹಾಕಾಕತ್ತಾರ," ಎಂದಳು ಶಿವಕಾಂತಾ.

ಗುಲಬರ್ಗಾದಿಂದ ಗಿಡಗಳು ಬಸ್ಸಿನಲ್ಲಿ, ಮಾಸ್ತರರ ತೊಡೆಯ ಮೇಲೆ ಬಂದವು. ಮುಂದೆ ಕಣಗಿಲ, ಕಾಗದದ ಹೂ, ದಾಸವಾಳ, ನಿತ್ಯಪುಷ್ಪ. ಹಿಂದೆ ವೀಳ್ಯದೆಲೆಯ ಬಳ್ಳಿ, ಕೆಸು, ಮನಿಪ್ಲಾಂಟು, ಬಣ್ಣದೆಲೆಯ ಕ್ರೋಟನ್. ಲೆಕ್ಕ ತಪ್ಪಿರಲಿಲ್ಲ. ಮಳೆಗಾಲದಲ್ಲಿ ಬೇರು ಬಿಟ್ಟು, ಚಳಿಯಲ್ಲಿ ಮೈ ತುಂಬಿ, ಸಂಕ್ರಮಣದ ಹೊತ್ತಿಗೆ ಅಂಗಳ ಗುಲಾಬಿ, ಕೆಂಪು, ಬಿಳುಪಿನಲ್ಲಿ ತೊಯ್ದು ನಿಂತಿತು. ಶಿವಕಾಂತಾ ಕೂಡ ಯಾರೂ ಇಲ್ಲದ ಹೊತ್ತು ನೋಡಿ ಒಂದು ನಿತ್ಯಪುಷ್ಪ ಮುಡಿದುಕೊಂಡಳು. (ಮಾಸ್ತರರು ನೋಡಿದರು. ನೋಡದಂತೆ ನಟಿಸಿದರು. ಸಂಸಾರದಲ್ಲಿ ಇದೂ ಒಂದು ಬಗೆಯ ನೀರೆರೆಯುವಿಕೆ.)

ಆ ಮಾಘದಲ್ಲಿಯೇ ಗೊಬ್ಬೂರಿನಿಂದ ಮಹಾನಂದಾಳನ್ನು ನೋಡಲು ಬಂದರು. ವರನ ಅಜ್ಜಿ ಸುಂದರಬಾಯಿ ಆ ಮನೆಯ ಸುಪ್ರೀಂ ಕೋರ್ಟು. ಮಹಾನಂದಾ ಮಂಡಕ್ಕಿಯ ಸುಸಲಾ, ಚಹಾ ಹಿಡಿದು ನಿಂತೇ ಇದ್ದಳು. ಅಜ್ಜಿ ಅಂಗಳದಲ್ಲಿ ಗಿಡದಿಂದ ಗಿಡಕ್ಕೆ ಕೋಲೂರಿಕೊಂಡು ತಿರುಗುತ್ತಿದ್ದಳು.

"ಈ ಬಿಸಲಾಗ ಇಷ್ಟು ಹೂವು! ಗಿಡಾ ಬಾಡಿಸಲಾರದ ಮನಿ ಹುಡುಗಿ, ಸಂಸಾರಾನೂ ಬಾಡಿಸಂಗಿಲ್ಲ. ನಮಗ ಒಪ್ಪಿಗಿ ಅದ. ಆದ್ರ ಮಾಸ್ತರ್ರ, ಒಂದು ಮಾತು. ಲಗ್ನ ಮಠದಾಗ ಬ್ಯಾಡ. ಈ ಹೂವಿನ ನಡಕೇ ಆಗ್ಲಿ."

"ಅದಕ್ಕೇನ್ರಿ ಆಯಿ! ಅಂಗಳ ನಿಮ್ಮದೇ," ಎಂದುಬಿಟ್ಟರು ಮಾಸ್ತರರು. ಹೆಮ್ಮೆಯಿಂದ ಸೆಟೆದು ಒಳಗೆ ಹೋಗುವಾಗ ಲೋಳಸರ ನೆತ್ತಿಗೆ ತಿವಿಯಿತು. ಅದೊಂದು ಎಚ್ಚರಿಕೆ ಇರಬಹುದೆಂದು ಅವರಿಗೆ ಹೊಳೆಯಲಿಲ್ಲ.

ವೈಶಾಖದಲ್ಲಿ ಮುಹೂರ್ತ. ನಾಲ್ಕು ದಿನ ಮೊದಲು ಶಿವಕಾಂತಾಳ ತಮ್ಮ ಮಲ್ಲಣ್ಣ ಕೊಡಲಿ ಹಿಡಿದು ಆಳಂದದಿಂದ ಬಂದಿಳಿದ. ಮದುವೆಯ ಹಂದರದ ಮೇಲೆ ಹಸಿ ಟೊಂಗೆ ಹೊದಿಸಬೇಕು. ಮನೆಯ ಮರದ್ದೇ ಆದರೆ ಇನ್ನೂ ಶುಭ. ಮಾಸ್ತರರು ಹಿತ್ತಲಿಗೆ ಓಡಿ ಬರುವಷ್ಟರಲ್ಲಿ ಅವನು ಬೇವಿನ ನಡುನೆತ್ತಿಯಲ್ಲಿದ್ದ.

"ಏ ಮಲ್ಲಣ್ಣ, ಕಡೀಬ್ಯಾಡೋ! ಕೆಳಗ ನೆರಳಿನ ಗಿಡ ಅವ! ನೆರಳು ಹೋಗ್ತದ!"

"ನೆರಳು ಎಲ್ಲಿ ಹೋಗ್ತದ್ರಿ ಮಾವಾ? ಹಿಂದಿಂದು ಮುಂದ ಒಯ್ಯಾಕತ್ತೇನಿ, ಅಷ್ಟ!"

ಸಂಜೆಯ ಹೊತ್ತಿಗೆ ನೆರಳು ನಿಜಕ್ಕೂ ಮುಂದೆ ಹೋಗಿತ್ತು. ಕಣಗಿಲ, ದಾಸವಾಳಗಳು ಹಂದರದ ಕತ್ತಲೆಯಲ್ಲಿ ಕಣ್ಣು ಪಿಳುಕಿಸುತ್ತಿದ್ದವು. ಹಿತ್ತಲಲ್ಲಿ ಬೋಳು ಬೇವಿನ ಕೆಳಗೆ ವೀಳ್ಯದ ಬಳ್ಳಿ ಹಂಚಿನ ಮೇಲಿನ ರೊಟ್ಟಿಯಂತೆ ಮಗ್ಗುಲಾಗುತ್ತಿತ್ತು. ಉತ್ತರಾಯಣ, ದಕ್ಷಿಣಾಯನಗಳನ್ನು ಎಣಿಸಿದ್ದ ಮಾಸ್ತರರು ಮಲ್ಲಣ್ಣಾಯನವನ್ನು ಎಣಿಸಿರಲಿಲ್ಲ.

ಆದರೂ ಧೈರ್ಯಗೆಡಲಿಲ್ಲ. ಬಿಸಿಲು ಎಲ್ಲಿಗೆ ಹೋಗಿದೆಯೋ ಬಿಸಿಲಿನ ಗಿಡವೂ ಅಲ್ಲಿಗೆ ಹೋಗಬೇಕು. ತರ್ಕಕ್ಕೆ ಎದುರಾಡುವಂತಿರಲಿಲ್ಲ. ಮನೆಯ ತುಂಬ ನೆಂಟರಿರುವಾಗ, ಮಗಳ ಮದುವೆಯ ತಂದೆ ಸಲಿಕೆ ಹಿಡಿದು ಮುಂದಿನ ಗಿಡಗಳನ್ನೆಲ್ಲ ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ನಡುಮನೆಯ ಮೂಲಕ ಹೊತ್ತು ಸಾಗಿಸಿದರು.

"ಬೀಗರು ಹೂವಿನ ನಡಕ ಲಗ್ನ ಆಗ್ಲಿ ಅಂದಿದ್ರು," ಎಂದಳು ಶಿವಕಾಂತಾ. "ನೀವು ಕೆಸವಿನ ನಡಕ ಮಾಡಾಕತ್ತೀರಿ."

"ಗಿಡ ಉಳೀಬೇಕೋ ಬ್ಯಾಡೋ?"

"ಮೊದಲ ಮಾನ ಉಳಸ್ರಿ. ಕೈ ತೊಳಕೊಂಡು ಅರಿಶಿಣಕ್ಕ ಬರ್ರಿ."

ಮದುವೆಯಾಯಿತು. ಒಣಗುವ ಬೇವಿನೆಲೆಯ ಒಗರು ವಾಸನೆಯ ಕೆಳಗೆ ಮಹಾನಂದಾ ತಲೆ ತಗ್ಗಿಸಿ ಕುಳಿತಿದ್ದಾಗ ಮಾಸ್ತರರು ತೋಟವನ್ನು ಮರೆತರು. ಅವರ ಕಣ್ಣು ಒದ್ದೆಯಾಯಿತು. ಆ ಮರೆವಿನ ಹೊತ್ತಿನಲ್ಲಿಯೇ ಹಿತ್ತಲಲ್ಲಿ ಅಡುಗೆಯವರು ಕಣಗಿಲದ ಪಕ್ಕ ಒಲೆ ಹೂಡಿ, ಹಂಡೆಹಂಡೆ ಅನ್ನದ ಕುದಿಗಂಜಿಯನ್ನು ಅದರ ಬುಡಕ್ಕೇ ಬಸಿದರು. ಕಣಗಿಲ ಎಂಥ ಬಿಸಿಲನ್ನಾದರೂ ತಾಳುತ್ತದೆ. ಕುದಿಯುವ ಗಂಜಿ ತಾಳುತ್ತದೆಂದು ಯಾರೂ ಹೇಳಿಲ್ಲ. ಮುಂದೆ ಬೀಗರ ಕಡೆಯವರು ಕ್ರೋಟನ್ನಿನ ಎಲೆಯ ಮೇಲೆ ಎಲೆಯಡಿಕೆ ಉಗಿದರು. (ಅದರ ಎಲೆ ಮೊದಲೇ ಕೆಂಪಿದ್ದುದರಿಂದ ಇದು ತಿಳಿದದ್ದು ತಡವಾಗಿ.) ಎರಡು ವಾರ ಕಳೆಯುವಷ್ಟರಲ್ಲಿ ಹಂದರದ ಎಲೆ ಉದುರಿ ಬಿಸಿಲು ಮುಂದಕ್ಕೆ ಮರಳಿತು, ಹಿಂದೆ ಬೇವು ಚಿಗುರಿ ನೆರಳು ಹಿಂದಕ್ಕೆ ಮರಳತೊಡಗಿತು. ಮಾಸ್ತರರು ಅಳಿದುಳಿದ ಗಿಡಗಳನ್ನು ಮತ್ತೆ ಕಿತ್ತು ಅದಲುಬದಲು ಮಾಡಿದರು. ಚಿರಂಜೀವಿಗಳಿಗೂ ಒಂದು ಮಿತಿ ಇದೆ.

ರೋಹಿಣಿ ಮಳೆಗೆ ಮೊದಲೇ ಅಂಗಳದಲ್ಲಿ ಸಂಡಿಗೆ ಒಣಗುತ್ತಿದ್ದವು. ಶಿವಕಾಂತಾ ಗೆದ್ದೆನೆಂದು ಒಂದು ಮಾತೂ ಆಡಲಿಲ್ಲ. ಕಾಗೆ ಕಾಯಲು ಮಾಸ್ತರರನ್ನು ಕೂರಿಸಿ ಕೈಗೊಂದು ಕೋಲು ಕೊಟ್ಟಳು, ಅಷ್ಟೇ.

ಪಂಚಮಿಗೆ ಮಹಾನಂದಾಳನ್ನು ಕರೆತರಲು ಮಲ್ಲಣ್ಣ ಗೊಬ್ಬೂರಿಗೆ ಹೋದ. ಬರುವಾಗ ಜೊತೆಗೆ ಸುಂದರಬಾಯಿಯೂ ಬಂದಳು. ಕೈಯಲ್ಲಿ ಖಾಲಿ ಬುಟ್ಟಿ.

"ನಮ್ಮ ಅಂಗಳಕ್ಕ ನಾಕು ಗಿಡಾ ಒಯ್ಯಬೇಕಂತ ಬಂದೀನ್ರಿ ಮಾಸ್ತರ್ರ. ಎಲ್ಲಿ ಅವ?"

ಮಾಸ್ತರರು ಕಾಗೆ ಕಾಯುವ ಕೋಲನ್ನು ಬೆನ್ನ ಹಿಂದೆ ಸರಿಸಿದರು. ಹೂವು ನೋಡಿ ಹೆಣ್ಣು ಒಪ್ಪಿದ ಅಜ್ಜಿ, ಹಪ್ಪಳ ನೋಡಿ ಏನೆಂದಾಳು? ಮಗಳ ಮುಖ ಸಣ್ಣಗಾಯಿತು. ಅಜ್ಜಿ ಬರಿದಾದ ಅಂಗಳದಲ್ಲಿ ಕೋಲೂರಿ ತಿರುಗಿ, ತಲೆಬಾಗಿಲಿಗೆ ಬಂದು ಗಕ್ಕನೆ ನಿಂತಳು.

ತಲೆಕೆಳಗಾಗಿ ತೂಗುತ್ತಿದ್ದ ಲೋಳಸರ ಒಂದು ಉದ್ದನೆಯ ದಂಟು ಬಿಟ್ಟಿತ್ತು. ದಂಟು ಕೆಳಗೆ ಇಳಿದು, ತಿರುಗಿ ಮೇಲಕ್ಕೆ ಮುಖ ಮಾಡಿ, ತುದಿಯಲ್ಲಿ ಹಳದಿ ಹೂವಿನ ಗೊಂಚಲು ಹಿಡಿದಿತ್ತು.

"ಯವ್ವಾ! ಮಣ್ಣಿಲ್ಲ, ನೀರಿಲ್ಲ, ಬಿಸಲಿಲ್ಲ, ನೆರಳಿಲ್ಲ. ತಲಿ ಕೆಳಗ ಮಾಡಿ ಹೂವು ಬಿಡಿಸೀರಲ್ರಿ ಮಾಸ್ತರ್ರ! ಅಂಗಳದ ಗಿಡಾ ಯಾರಾದ್ರೂ ಬೆಳಸ್ತಾರ. ಇದು ನೋಡ್ರಿ ಕೈಗುಣ! ಇದರದ ಒಂದು ಮರಿ ಕೊಡ್ರಿ ಸಾಕು. ಇದಕ್ಕ ಏನು ಮಾಡಿದ್ರಿ, ಜರಾ ಹೇಳ್ರಿ."

ಮಾಸ್ತರರು ವಿನಯದಿಂದ ಕೆಮ್ಮಿದರು. ಬೇರಿನ ಉಸಿರಾಟ, ಗಾಳಿಯ ತೇವಾಂಶ ಎಂದೇನೋ ಆರಂಭಿಸುವವರಿದ್ದರು. ಅಷ್ಟರಲ್ಲಿ ಒಳಗಿನಿಂದ ಚಹಾ ತಂದ ಶಿವಕಾಂತಾ ಅಂದಳು:

"ಏನೂ ಮಾಡಿಲ್ರಿ ಆಯಿ. ಇವರ ಕೈ ಹತ್ತಗೊಟ್ಟಿಲ್ಲ, ಅಷ್ಟ."

ಅಂದಿನಿಂದ ಅಣ್ಣಾರಾಯ ಮಾಸ್ತರರು ಆ ಬಾಗಿಲಲ್ಲಿ ತಲೆ ತಗ್ಗಿಸಿಯೇ ಓಡಾಡುತ್ತಾರೆ. ನೋಡಿದ ಊರ ಜನ, ಮಗಳ ಮದುವೆಯಾದ ಮೇಲೆ ಮಾಸ್ತರರಿಗೆ ಎಷ್ಟು ವಿನಯ ಬಂತು ಎಂದು ಮೆಚ್ಚಿಕೊಳ್ಳುತ್ತಾರೆ.