ಬೀಗರ ಟೀಮಿಗೆ ಸೇರಿದವನು

ನಡೆದದ್ದು ಇಷ್ಟೇ. ಸತ್ತು ಮೂವತ್ತು ವರ್ಷವಾದ ಒಬ್ಬ ಆಟಗಾರನನ್ನು ತಮ್ಮ ಟೀಮಿಗೆ ಸೇರಿಸಿಕೊಳ್ಳಲ್ಲ ಅಂದರು ನಮ್ಮ ಬೀಗರು. ನಾನು ಬೈದೆ. ಸೇರಿಸಿಕೊಂಡರು. ಈಗ ಅವರು ದೇವಸ್ಥಾನದ ಊಟದ ಸಾಲಿನಲ್ಲಿ ನಿಂತು "ನನಗೇ ಒಂದು ಯೋಚನೆ ಹೊಳೀತು ನೋಡಿ" ಅಂತ ಹೇಳಿಕೊಂಡು ತಿರುಗುತ್ತಿದ್ದಾರಲ್ಲ, ಅದು ಶುದ್ಧ ಸುಳ್ಳು. ಅವರಲ್ಲಿ ಹೊಳೆಯುವುದು ತಲೆಯ ಹೊರಗಡೆ ಮಾತ್ರ!

ಬೀಗರು ಅಂದರೆ ನನ್ನ ಅಳಿಯನ ಅಪ್ಪ. ಅಮೆರಿಕದ ಸಿಯಾಟಲ್ ಪಕ್ಕ, ಕೆನ್ಮೋರಿನ ಮನೆಯಲ್ಲಿ ಮೇಲಿನ ರೂಮು ನನ್ನದು, ಕೆಳಗಿನ ರೂಮು ಅವರದು. ಅವರಿಗೆ ಹೆಂಡತಿ ಇಲ್ಲ, ನನಗೆ ಗಂಡ ಇಲ್ಲ. ಮಗಳು ಅಳಿಯ ಬೆಳಗ್ಗೆ ಕೆಲಸಕ್ಕೆ ಅಂತ ರೆಡ್ಮಂಡಿಗೆ ಕಾರು ಹತ್ತಿದರೆ ಮನೆಯಲ್ಲಿ ಉಳಿಯುವುದು ನಾವಿಬ್ಬರೇ. ಜಗಳ ಆಡಬೇಕು ಅನ್ನಿಸಿದರೆ ನಾನಾದರೂ ಎಲ್ಲಿಗೆ ಹೋಗಲಿ?

ಈ ಮನುಷ್ಯ ಓದೋಕೆ ಅಂತ ಇಲ್ಲಿಗೆ ಬಂದು, ಮೂವತ್ತೈದು ವರ್ಷ ವಿಮಾನದ ರೆಕ್ಕೆ ಎಷ್ಟು ಬಾಗಬಹುದು ಅಂತ ಲೆಕ್ಕ ಹಾಕಿದವರು. ರಿಟೈರ್ ಆದಮೇಲೆ ಬೇರೆ ಗಂಡಸರು ತೋಟ ಮಾಡ್ತಾರೆ, ಭಜನೆಗೆ ಹೋಗ್ತಾರೆ. ಇವರು ಬೇಸ್‌ಬಾಲ್ ಹಿಡಿದರು. ಆಡೋಕಲ್ಲ! ಕಂಪ್ಯೂಟರಿನಲ್ಲಿ ಒಂದು ಆಟವಿದೆಯಂತೆ. ಯಾವ ಆಟಗಾರ ಹತ್ತು ಸಲಕ್ಕೆ ಎಷ್ಟು ಸಲ ಹೊಡೀತಾನೆ, ಎಷ್ಟು ಜೋರಾಗಿ ಓಡ್ತಾನೆ ಅಂತ ತುಂಬಿಸಿಟ್ಟರೆ ಅದು ತಾನೇ ಆಡಿಕೊಳ್ಳುತ್ತೆ. ಕಂಪ್ಯೂಟರು ಆಡುತ್ತೆ, ಇವರು ಬೆವರುತ್ತಾರೆ.

ಆ ಆಟಗಾರರಾದರೂ ಬದುಕಿರುವವರಾ? ಒಬ್ಬನೂ ಇಲ್ಲ. ಒಂದು ಕಾಲದಲ್ಲಿ ಇಲ್ಲಿ ಕರಿಯ ಜನರನ್ನು ಬಿಳಿಯರ ಟೀಮಿಗೆ ಸೇರಿಸುತ್ತಿರಲಿಲ್ಲವಂತೆ. ಅವರೇ ಬೇರೆ ಟೀಮು ಕಟ್ಟಿ, ಬಸ್ಸಿನಲ್ಲಿ ಊರೂರು ತಿರುಗಿ, ಹೋಟೆಲಿನವರು ರೂಮು ಕೊಡದಿದ್ದರೆ ಬಸ್ಸಿನಲ್ಲೇ ಮಲಗಿ ಆಡಿದರಂತೆ. ನೀಗ್ರೋ ಲೀಗ್ ಅಂತ ಅವತ್ತಿನ ಹೆಸರು. ಅದು ಹಳೇ ಪುಸ್ತಕದಲ್ಲಿರಲಿ, ಈಗ ಯಾರನ್ನೂ ಹಾಗೆ ಕರೀಬೇಡ ಅಂತ ಮಗಳು ಹೇಳಿಕೊಟ್ಟಿದ್ದಾಳೆ. ಬೀಗರು ಇದನ್ನು ನನಗೆ ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳಿದರು. ನನಗೆ ಅರ್ಧ ನಿಮಿಷ ಸಾಕಿತ್ತು. ನಮ್ಮೂರಲ್ಲಿ ಎರಡು ಬಾವಿ ಇದ್ದವು. ಸಿಹಿನೀರಿನದು ನಮ್ಮ ಬೀದಿಯಲ್ಲಿತ್ತು. ಅದನ್ನೂ ಹೇಳಬೇಕಲ್ಲ.

ಆ ಹಳೇ ಟೀಮುಗಳನ್ನೆಲ್ಲ ಮತ್ತೆ ಎಬ್ಬಿಸಿ ಆಡಿಸುವುದು ಬೀಗರ ಕಸುಬು. ಬಿಳಿಯರ ಆಟದ ಲೆಕ್ಕವೆಲ್ಲ ಪುಸ್ತಕದಲ್ಲಿದೆ, ಇವರದನ್ನು ಬರೆದಿಟ್ಟವರು ಕಡಿಮೆ. ಅದಕ್ಕೆ ಲೈಬ್ರರಿಗೆ ಹೋಗಿ, ಹಳೇ ಪತ್ರಿಕೆಗಳನ್ನು ಮೆಷಿನ್ನಿನ ಕೆಳಗಿಟ್ಟು, ಒಂದೊಂದೇ ಹೊಡೆತ ಹುಡುಕಿ ಬರೆದುಕೊಂಡು ಬರುತ್ತಾರೆ. ಶಾಸ್ತ್ರವೋ ಶಾಸ್ತ್ರ! ಎರಡು ಪತ್ರಿಕೆಯಲ್ಲಿ ಹೆಸರು ಬರದೆ ಆಟಗಾರ ಒಳಗೆ ಬರುವಂತಿಲ್ಲ. ಆಡಿದ ಆಟವನ್ನು ಮತ್ತೆ ಆಡಿಸುವಂತಿಲ್ಲ. ಟೀಮು ದೂರದ ಊರಿಗೆ ಹೊರಟರೆ, ಬಸ್ಸು ಅಲ್ಲಿಗೆ ಮುಟ್ಟುವಷ್ಟು ಹೊತ್ತು ಇವರು ಕಂಪ್ಯೂಟರನ್ನೇ ಮುಟ್ಟುವಂತಿಲ್ಲ.

ಒಂದು ದಿನ ಮಧ್ಯಾಹ್ನ ಸುಮ್ಮನೆ ಕಿಟಕಿ ನೋಡುತ್ತ ಕೂತಿದ್ದರು.

"ಯಾಕ್ರೀ ಬೀಗರೇ, ಇವತ್ತು ಆಟ ಇಲ್ವಾ?"

"ಬಸ್ಸು ಇನ್ನೂ ದಾರೀಲಿದೆ."

"ಯಾವ ಬಸ್ಸು?"

"ಟೀಮಿನ ಬಸ್ಸು. ಸಾಯಂಕಾಲಕ್ಕೆ ತಲುಪುತ್ತೆ."

"ಹಂಗಾದ್ರೆ ಪುಳಿಯೋಗರೆ ಕಟ್ಟಿಕೊಡ್ಲಾ, ಹಸಿದಿರ್ತಾರೆ?"

"ಹದಿನೆಂಟು ಜನ ಇದಾರೆ ಬೀಗತಿ," ಅಂದರು, ಮುಖ ಒಂದಿಷ್ಟೂ ಸಡಿಲಿಸದೆ. "ನೀವು ಮಾಡಿರೋದು ಸಾಲಲ್ಲ."

ಇಂಥವರ ಜೊತೆ ಏನಂತ ಮಾತಾಡೋದು?

ಮಿಲ್ ಕ್ರೀಕಿನಲ್ಲಿ ನಮ್ಮ ಕಡೆಯವರದೊಂದು ಗೃಹಪ್ರವೇಶ. ಸತ್ಯನಾರಾಯಣ ಪೂಜೆ. ಮಂಗಳಾರತಿ ಎತ್ತಿದ್ದಾರೆ, ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಿದ್ದಾರೆ. ಹಿಂದಿನಿಂದ "ಹೊಡೆದ! ಹೊಡೆದ!" ಅಂತ ಕೂಗು. ಪುರೋಹಿತರ ಕೈಯಲ್ಲಿ ಗಂಟೆ ಅಲ್ಲೇ ನಿಂತಿತು. ಮನೆಯೊಡತಿ ಹೆದರಿಕೊಂಡು "ಅಯ್ಯೋ, ಯಾರು ಯಾರಿಗೆ ಹೊಡೆದ್ರು?" ಅಂದಳು. ಬೀಗರು ಫೋನನ್ನು ಶಲ್ಯದೊಳಗೆ ತುರುಕುತ್ತಿದ್ದರು. ನಾನೇ ಹೇಳಬೇಕಾಯಿತು: "ಗಾಬರಿ ಆಗಬೇಡ ಕಣಮ್ಮ. ಹೊಡೆದವನು ಸತ್ತು ಹೋಗಿ ಬಹಳ ಕಾಲ ಆಯ್ತು." ಆಮೇಲೆ ಆಕೆ ಇನ್ನಷ್ಟು ಹೆದರಿದಳು. ಹೊಸ ಮನೆ ಬೇರೆ!

ಇರಲಿ. ವಿಷಯಕ್ಕೆ ಬರುತ್ತೇನೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬಾಕೆ ಇದ್ದಳು. ಕರಿಯ ಹೆಂಗಸು, ತೊಂಬತ್ತೊಂದು ವಯಸ್ಸು, ಒಬ್ಬಳೇ. ನೆಟ್ಟಗೆ ನಡೆಯುತ್ತಿದ್ದಳು, ತಾನೇ ಟೊಮೇಟೊ ಗಿಡಕ್ಕೆ ನೀರು ಹಾಕುತ್ತಿದ್ದಳು. ಆಕೆಯ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಆಕೆಗೆ ಕಾಲು ಭಾಗ. ಆದರೂ ಬೇಲಿಯ ಆಚೆ ಈಚೆ ನಿಂತು ನಾವು ಆಡದ ಮಾತಿಲ್ಲ. ಮನೆ ಮಾರಿಯಾಗಿತ್ತು, ಜುಲೈ ಕಡೇ ಶನಿವಾರ ತಂಗಿಯ ಮಗಳು ಬಂದು ದೂರದ ಊರಿಗೆ ಕರೆದುಕೊಂಡು ಹೋಗುವವಳಿದ್ದಳು.

ಬೇಸಿಗೆ ಬಂದರೆ ಬೀಗರು ಕಂಪ್ಯೂಟರ್ ಹೊತ್ತುಕೊಂಡು ಹಿತ್ತಲಿನ ಕಟ್ಟೆಗೆ ಬರುತ್ತಾರೆ, ಊರಿಗೆಲ್ಲ ಕೇಳಲಿ ಅಂತ. ಹೊರಡುವ ವಾರ ಒಂದು ದಿನ ಅವರ ಕೂಗಾಟ ಕೇಳಿ ಆಕೆ ಬೇಲಿಯ ಹತ್ತಿರ ಬಂದಳು. ಯಾವ ಆಟ ಅಂತ ಕೇಳಿದಳು. ಇವರು ಹೇಳಿದರು. ಆಕೆ ನೀರಿನ ಪೈಪು ಕೆಳಗಿಟ್ಟಳು.

"ನನ್ನ ಅಣ್ಣ ಆಡ್ತಿದ್ದ," ಅಂದಳು. "ಇಲ್ಲೇ, ಸಿಯಾಟಲ್ ಕಡೇದೇ ಒಂದು ಸಣ್ಣ ಟೀಮು. ಎರಡನೇ ಮಹಾಯುದ್ಧ ಮುಗಿದ ಮಾರನೇ ಬೇಸಿಗೆ. ಒಂದೇ ಬೇಸಿಗೆ."

ಬೀಗರ ಕಣ್ಣು ಅರಳಿತು. ಆ ಟೀಮಿನದು ಅವರ ಹತ್ತಿರ ನಾಲ್ಕೇ ಹೆಸರಿದ್ದವಂತೆ. ಹೆಸರು ಕೇಳಿದರು, ಪುಸ್ತಕ ತಿರುಗಿಸಿದರು. ಮಾರನೇ ದಿನ ಲೈಬ್ರರಿಗೆ ಹೋಗಿ ಬಂದರು. ಅಣ್ಣನ ಹೆಸರು ಎಲ್ಲೂ ಇಲ್ಲ. ಆಕೆಯ ಹತ್ತಿರ ಒಂದು ಫೋಟೊ ಇತ್ತು, ಅದರ ಹಿಂದೆ ಏನೂ ಬರೆದಿರಲಿಲ್ಲ.

"ಹೋಗೋದರೊಳಗೆ ಅವನು ಒಂದು ಸಲ ಆಡೋದು ನೋಡಬಹುದಾ?" ಅಂತ ಕೇಳಿದಳು ಆಕೆ.

"ದಾಖಲೆ ಇಲ್ಲದೆ ಆಗಲ್ಲ ಮೇಡಂ," ಅಂದರು ನಮ್ಮ ಬೀಗರು.

ಆಕೆ "ಓಕೆ" ಅಂದಳು. ಫೋಟೊವನ್ನು ಕವರಿನೊಳಗೆ ಹಾಕಿಕೊಂಡಳು. ಪೈಪು ಎತ್ತಿಕೊಂಡು ಟೊಮೇಟೊಗೆ ನೀರು ಹಾಕಿದಳು. ಆ ಗಿಡಗಳಿಗೆ ಆಗಲೇ ನೀರು ಹಾಕಿಯಾಗಿತ್ತು.

ನಾನು ಬೀಗರನ್ನು ಅಡುಗೆಮನೆಗೆ ಕರೆದೆ.

"ನನ್ನ ಪಾಸ್‌ಪೋರ್ಟಲ್ಲಿ ಹುಟ್ಟಿದ ದಿನ ಯಾವುದು ಅಂತಿದೆ?"

"ಜೂನ್ ಒಂದು."

"ಅದನ್ನ ಬರೆದೋರು ನಮ್ಮೂರ ಮೇಷ್ಟ್ರು. ಆ ವರ್ಷ ಸ್ಕೂಲಿಗೆ ಸೇರಿದ ಹದಿನೇಳು ಮಕ್ಕಳಿಗೂ ಜೂನ್ ಒಂದೇ ಬರೆದಿದ್ರು. ಪಾಪ, ನಮ್ಮ ಸೂಲಗಿತ್ತಿ ಅವತ್ತೊಂದು ದಿನ ಎಷ್ಟು ಮನೆಗೆ ಓಡಿದಳೋ!"

ಬೀಗರು ನಕ್ಕರು. "ನಂದೂ ಜೂನ್ ಒಂದೇ."

"ನಗಬೇಡಿ. ಸುಳ್ಳು ಕಾಗದ ಇಟ್ಕೊಂಡ ನಮ್ಮಿಬ್ಬರನ್ನೂ ಅಮೆರಿಕದವರು ಒಳಗೆ ಬಿಟ್ಟರು. ನೀವು ನಿಜವಾದ ಮನುಷ್ಯನನ್ನ ಕಾಗದ ಇಲ್ಲ ಅಂತ ಹೊರಗೆ ನಿಲ್ಲಿಸಿದ್ದೀರಿ. ಅವನು ಬದುಕಿದ್ದಾಗ ಬಿಳಿಯರು ಬೇಡ ಅಂದರು, ಸತ್ತಮೇಲೆ ನೀವು ಬೇಡ ಅಂದ್ರಿ. ಅವನು ಇನ್ನೆಲ್ಲಿ ಹೋಗಿ ಆಡಬೇಕ್ರೀ?"

ಬೀಗರು ಕುಡಿಯುತ್ತಿದ್ದ ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು ಕೆಳಗೆ ಹೋದರು. ಮಜ್ಜಿಗೆ ಬಿಡುವ ಮನುಷ್ಯನೇ ಅಲ್ಲ. ಒಂದು ಗಂಟೆ ಬಿಟ್ಟು ಮೆಟ್ಟಿಲ ಬುಡದಿಂದ ಕೂಗಿದರು: "ಬೀಗತೀ, ಆಕೇನ ಕರೀರಿ. ಫೋಟೊ ತರೋಕೆ ಹೇಳಿ."

ಆಕೆಯನ್ನು ಕೂರಿಸಿಕೊಂಡು ಎರಡು ಗಂಟೆ ಕೇಳಿದರು. ಪೊಲೀಸಿನವರೂ ಹಾಗೆ ಕೇಳಲ್ಲ! ಎಡಗೈಯೋ ಬಲಗೈಯೋ? ಓಡುವಾಗ ಟೋಪಿ ಬೀಳುತ್ತಿತ್ತೋ? ದೂರದಿಂದ ಎಸೆದರೆ ಚೆಂಡು ನೆಟ್ಟಗೆ ಬರುತ್ತಿತ್ತೋ? ಹತ್ತು ಸಲಕ್ಕೆ ಎಷ್ಟು ಹೊಡೀತಿದ್ದ?

"ಮೂರು," ಅಂದಳು ಆಕೆ. ಯೋಚಿಸಿದಳು. "ಇಲ್ಲ, ಮೂರಕ್ಕೆ ಸ್ವಲ್ಪ ಕಡಿಮೆ."

ನಾನು ಮೊಣಕೈಯಿಂದ ತಿವಿದೆ. "ಸೇ ಫೈವ್! ಸೇ ಫೈವ್!"

"ಫೈವ್ ಅಂದರೆ ಬೇರೆ ಯಾರೋ ಬರ್ತಾನೆ," ಅಂದಳು ಆಕೆ. "ನನಗೆ ನನ್ನ ಅಣ್ಣ ಬೇಕು."

ಗುರುವಾರ ಮಧ್ಯಾಹ್ನ ಆಟ. ಮೂರು ಕುರ್ಚಿ ಹಾಕಿದೆವು. ಆಕೆ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ಬಂದಿದ್ದಳು. ನಾನು ಕೋಡುಬಳೆ ಇಟ್ಟೆ. ಪರದೆ ಮೇಲೆ ಹೆಸರುಗಳ ಸಾಲು, ಅದರಲ್ಲಿ ಏಳನೆಯದು ಅವನದು. ಆಕೆ ಅದರ ಮೇಲೆ ಬೆರಳಿಟ್ಟು ತೆಗೆಯಲೇ ಇಲ್ಲ; ಬೀಗರು ಆ ಬೆರಳಿನ ಸುತ್ತಮುತ್ತಲೇ ಇಣುಕಿ ಆಟ ನಡೆಸಬೇಕಾಯಿತು.

ಕಡೇ ಸುತ್ತಿಗೆ ಬಂತು. ಒಂದು ಓಟ ಹಿಂದಿದ್ದಾರೆ, ಆಗಲೇ ಇಬ್ಬರು ಔಟಾಗಿದ್ದಾರೆ, ಇನ್ನಿಬ್ಬರು ಬೇಸಿನಲ್ಲಿ ಓಡೋಕೆ ಕಾಯುತ್ತಿದ್ದಾರೆ, ದೊಣ್ಣೆ ಹಿಡಿದು ನಿಂತವನು ಆಕೆಯ ಅಣ್ಣ. ಒಂದು ಹೊಡೆತ ಬಿದ್ದರೆ ಗೆದ್ದರು! ನಾನೇ ಕುರ್ಚಿಯ ತುದಿಗೆ ಬಂದು ಕೂತೆ, ಸುಳ್ಳು ಯಾಕೆ ಹೇಳಲಿ. ಬೀಗರು ಕೀ ಒತ್ತಿದರು. ಬೀಸಿದ, ತಪ್ಪಿದ. ಮತ್ತೆ ಬೀಸಿದ, ತಪ್ಪಿದ. ಮೂರನೇ ಚೆಂಡು ಎದೆಯ ಮಟ್ಟಕ್ಕಿಂತ ಮೇಲೆ ಬಂತು. ಸುಮ್ಮನೆ ಬಿಟ್ಟಿದ್ದರೆ ಆಗುತ್ತಿತ್ತು. ಬೀಸಿದ, ತಪ್ಪಿದ. ಮೂರು ಸಲ ತಪ್ಪಿದರೆ ಔಟು. ಆಟ ಮುಗಿಯಿತು, ಸೋತರು.

"ಇನ್ನೊಂದು ಸಲ ಆಡಿಸ್ರೀ," ಅಂತ ಕನ್ನಡದಲ್ಲಿ ಪಿಸುಗುಟ್ಟಿದೆ. "ಯಾರಿಗೆ ಗೊತ್ತಾಗುತ್ತೆ!"

ಶಾಸ್ತ್ರ ಮುರಿಯದ ಮನುಷ್ಯ ಕೀ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಆಕೆ ಅವರ ಕೈ ಹಿಡಿದಳು. ನೋಡಿದರೆ ಆಕೆ ನಗುತ್ತಿದ್ದಾಳೆ! ಟೋಪಿ ಓರೆಯಾಗುವ ಹಾಗೆ ನಗು, ಕಣ್ಣಲ್ಲಿ ನೀರು.

"ಮುಟ್ಟಬೇಡಿ. ಅವನೇ! ಮೇಲೆ ಬಂದ ಚೆಂಡನ್ನ ಒಂದು ದಿನಾನೂ ಬಿಟ್ಟವನಲ್ಲ. ಅಮ್ಮ ಬೇಲಿ ಹತ್ತಿರ ನಿಂತು ಬೈತಾ ಇದ್ದಳು, ಬಿಡೋ, ಬಿಡೋ ಅಂತ. ಯಾರ ಮಾತು ಕೇಳಿದ! ನೀವು ಅವನನ್ನೇ ಕರ್ಕೊಂಡು ಬಂದಿದ್ದೀರಿ."

ಬೀಗರು ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದು ಕನ್ನಡಕದಲ್ಲಿ ಏನೂ ಇರಲಿಲ್ಲ.

ಸಮಾಧಾನವಾದ ಮೇಲೆ ಆಕೆ ಪರದೆಗೆ ಇನ್ನೂ ಹತ್ತಿರ ಬಗ್ಗಿ, ಒಂದೊಂದೇ ಹೆಸರು ಓದಿದಳು. "ಇದು ಯಾರು? ಸೆಕೆಂಡ್ ಬೇಸಲ್ಲಿ ಇದ್ದದ್ದು ಇವನಲ್ಲ."

"ಹೆಸರು ಸಿಗಲಿಲ್ಲ ಮೇಡಂ. ಐದು ಜಾಗ ಖಾಲಿ ಇದ್ದವು. ನಿಮ್ಮ ಅಣ್ಣ ಬಂದ, ಉಳಿದ ನಾಲ್ಕಕ್ಕೆ ಬೇರೆ ಟೀಮಿನಿಂದ ತಂದು ನಿಲ್ಲಿಸಿದ್ದೀನಿ."

"ಕ್ಷೌರದ ಅಂಗಡಿಯವರ ಮಗ ಅಲ್ಲಿ ಆಡ್ತಿದ್ದದ್ದು," ಅಂದಳು ಆಕೆ. "ಅವರೆಲ್ಲ ನಮ್ಮನೇಲೇ ಊಟ ಮಾಡ್ತಿದ್ದರು. ಅವರ ಆಟ ನೋಡಿದವರಲ್ಲಿ ಈಗ ನಾನೊಬ್ಬಳೇ ಇರೋದು." ಅಷ್ಟು ಹೇಳಿ ಸುಸ್ತಾಗಿ ಕುರ್ಚಿಯ ಕೈ ಹಿಡಿದು ಎದ್ದಳು. ನಾನು ಬಾಗಿಲವರೆಗೆ ಬಿಟ್ಟುಬಂದೆ.

ಮಾರನೇ ದಿನ ಶುಕ್ರವಾರ, ಆಕೆ ಹೊರಡೋಕೆ ಒಂದೇ ದಿನ ಉಳಿದಿತ್ತು. ಬೆಳಗ್ಗೆ ಎದ್ದವಳೇ ಕಾಫಿ ಕುಡಿದು, ಅಳಿಯನ ಮೇಜಿನಿಂದ ಒಂದು ನೋಟ್‌ಬುಕ್ಕು, ಪೆನ್ನು ತೆಗೆದುಕೊಂಡೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಪೆನ್ನು ಹಿಡಿದು ಎಷ್ಟು ವರ್ಷವಾಗಿತ್ತೋ ಗೊತ್ತಿಲ್ಲ. ಬೀಗರು ಇನ್ನೂ ಹಲ್ಲುಜ್ಜುತ್ತಿದ್ದರು, ಅವರನ್ನು ಕಾಯಲಿಲ್ಲ. ಪಕ್ಕದ ಮನೆಯಲ್ಲಿ ರಟ್ಟಿನ ಡಬ್ಬಗಳನ್ನು ಕಟ್ಟಿ ಬಾಗಿಲ ಹತ್ತಿರ ಪೇರಿಸಿದ್ದರು. ಅವುಗಳ ನಡುವೆ ಉಳಿದಿದ್ದ ಒಂದೇ ಕುರ್ಚಿಯಲ್ಲಿ ಆಕೆ ಕೂತಿದ್ದಳು. ನಾನು ಒಂದು ಡಬ್ಬದ ಮೇಲೆ ಕೂತು, ನೋಟ್‌ಬುಕ್ಕು ತೊಡೆಯ ಮೇಲಿಟ್ಟು, ಮೊದಲನೇ ಗೆರೆಯಲ್ಲಿ ಕನ್ನಡದಲ್ಲೇ ಒಂದು ಅಂತ ಬರೆದು, "ಸೆಕೆಂಡ್ ಬೇಸ್," ಅಂದೆ. "ನೇಮ್ ಹೇಳಮ್ಮಾ. ಸ್ಲೋ."